ನಾಡಿ ಹಿಡಿಯುತ್ತಿದ್ದ ಅಕ್ಕ

ಡಾಕ್ಟರ ಕೋಣೆಯಲ್ಲಿ ಅಕ್ಕ ನನ್ನ ಕಡೆ ತಿರುಗಿ, "ಅಪ್ಪ ಸೈಕಲ್ ಮ್ಯಾಲಿಂದ ಬಿದ್ದು ಸತ್ತಿದ್ದು, ಹೌದಲ್ಲೋ?" ಎಂದು ಕೇಳಿದಾಗ ನಾನು ಅಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ಹೌದೆಂದು ತಲೆಯಾಡಿಸಿದೆ. ಅಪ್ಪ ಸೈಕಲ್ಲಿನಿಂದ ಬಿದ್ದಿರಲಿಲ್ಲ. ಗರಡಿ ಮನೆಯಲ್ಲಿ ಕಲ್ಲು ಎತ್ತುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದಿದ್ದ. ಅದನ್ನು ಕಣ್ಣಾರೆ ನೋಡಿದವನು ನಾನು. ಅಕ್ಕನಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಹೋದಳು.

ನಾನು ಏಳನೇ ಇಯತ್ತೆಯವರೆಗೆ ಓದಿದವನು. ಬರೆದು ರೂಢಿಯಿಲ್ಲ. ಮಾರಿಸ್‌ವಿಲ್‌ನ ಒಂದು ಕಿರಾಣಿ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತೇನೆ. ನಮ್ಮ ಬಾಗಲಕೋಟಿ, ಧಾರವಾಡದ ಕಡೆಯ ಡಾಕ್ಟರುಗಳು, ಎಂಜಿನಿಯರುಗಳು ಶನಿವಾರ ಬಂದು ರೊಟ್ಟಿಯ ಕಟ್ಟು ಒಯ್ಯುತ್ತಾರೆ. ನನ್ನನ್ನು ಅಮೆರಿಕಕ್ಕೆ ಕರೆಸಿಕೊಂಡವಳು ಅಕ್ಕ. ತಮ್ಮನೆಂದು ಅರ್ಜಿ ಹಾಕಿ ಹದಿನಾಲ್ಕು ವರ್ಷ ಕಾದಳು. ನಾನು ವಿಮಾನ ಇಳಿದ ದಿನ ಅವಳು ನನ್ನನ್ನು ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ. ನನ್ನ ಮುಂಗೈ ಹಿಡಿದು, ಎರಡು ಬೆರಳು ಒತ್ತಿ, ಗಡಿಯಾರ ನೋಡುತ್ತ ಅರ್ಧ ನಿಮಿಷ ನಿಂತಳು. "ಎತ್ತಿನ ನಾಡಿ ಐತೋ ನಿಂದು. ನಡಿ, ಮನಿಗೆ ಹೋಗೂಣು" ಎಂದಳು.

ನಾಡಿ ಹಿಡಿಯುವುದು ಅವಳ ಚಟ. ಕಾಲೇಜಿನಲ್ಲಿದ್ದಾಗ ಕ್ರೀಡಾ ಹಾಸ್ಟೆಲಿನಲ್ಲಿ ಖೋ ಖೋ ಕಲಿಸುತ್ತಿದ್ದ ಮೇಷ್ಟರು ಹೇಳಿಕೊಟ್ಟದ್ದಂತೆ. ಆಟ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ನಾಡಿ ಎಣಿಸಬೇಕು. ಯಾರದು ಬೇಗ ಇಳಿಯುತ್ತದೆಯೋ ಅವರು ಗಟ್ಟಿ. ಅಕ್ಕ ಅದನ್ನು ಅಲ್ಲಿಂದ ತನ್ನ ಈಗಿನ ಊರಾದ ಏಪೆಕ್ಸ್‌ವರೆಗೂ ಹೊತ್ತು ತಂದಿದ್ದಳು. ಹಬ್ಬಕ್ಕೆ ಬಂದವರ ಕೈ ಹಿಡಿದಳೆಂದರೆ ಕುಶಲ ವಿಚಾರಿಸುತ್ತಿದ್ದಾಳೆಂದು ಅವರು ತಿಳಿಯುತ್ತಿದ್ದರು. ಅವಳು ಒಳಗೇ ಎಣಿಸುತ್ತಿದ್ದಳು.

ಎತ್ತರದ ಹೆಂಗಸಲ್ಲ. ಕಪ್ಪು ಬಣ್ಣ, ಒಣಗಿದ ಮೈ, ಕಾಲು ಮಾತ್ರ ಗಂಡಸಿನದು. ಕೊತ್ತಂಬರಿ ಸೂಡಿಗೆ ಹಾಕಿದ ನೀಲಿ ರಬ್ಬರ್ ಬ್ಯಾಂಡನ್ನು ಬಿಚ್ಚಿ ಅದರಲ್ಲೇ ಕೂದಲು ಕಟ್ಟುತ್ತಿದ್ದಳು. ಓಡುವ ಮೊದಲು ನನ್ನ ಅರ್ಧ ರೊಟ್ಟಿ, ಒಂದು ಚಮಚ ಖಾರದ ಶೇಂಗಾ ಹಿಂಡಿ. ಕೊರಳಲ್ಲಿ ತಾಳಿಯ ಜೊತೆಗೆ ಒಂದು ಸೀಟಿ. ಭಾವ, ಅಂದರೆ ಅವಳ ಗಂಡ, ಒಮ್ಮೆ ಛೇಡಿಸಿದರು: "ಎರಡ್ರಾಗ ಯಾವುದು ನಂದು?" "ಸೀಟಿ ನಿಮ್ದು, ಊದಿದ ಕೂಡಲೆ ಬರಬೇಕು" ಎಂದಳು.

ಕೋವಿಡ್ ಬಂದು ಎಲ್ಲರೂ ಮನೆಯೊಳಗೆ ಕುಳಿತ ವರ್ಷ ಅವಳು ನಮ್ಮ ಕನ್ನಡ ಕೂಟದ ಹೆಂಗಸರನ್ನು ಓಡಿಸಲು ಹಿಡಿದಳು. ರೈಲು ಹಳಿ ಕಿತ್ತು ಮಾಡಿದ ಮಣ್ಣಿನ ಹಾದಿಯೊಂದಿದೆ, ಎರಡೂ ಕಡೆ ಪೈನ್ ಮರ. ಶನಿವಾರ ಬೆಳಿಗ್ಗೆ ಅಲ್ಲಿಗೆ ಆರು ಜನ ಬಂದರು, ಆಮೇಲೆ ಇಪ್ಪತ್ತು. ಮೈಸೂರಿನ ಕಡೆಯ ಒಬ್ಬರು ಏದುಸಿರು ಬಿಡುತ್ತ, "ನನ್ ಕೈಲಿ ಆಗಲ್ಲ ಕಣ್ರೀ, ವಾಕ್ ಮಾಡ್ತೀನಿ, ಪ್ಲೀಸ್" ಎಂದರೆ ಅಕ್ಕ ಅವರ ಪಕ್ಕದಲ್ಲೇ ಹಿಂದುಹಿಂದಕ್ಕೆ ಓಡುತ್ತ, "ನಿಮ್ಮ ಬಾಯಿ ಇಷ್ಟು ಓಡತೈತಲ್ರೀ, ಕಾಲು ಯಾಕ ಓಡೂದಿಲ್ಲ?" ಎನ್ನುತ್ತಿದ್ದಳು.

ಭಾನುವಾರ ಮಾರಿಸ್‌ವಿಲ್‌ನ ಕ್ರಿಕೆಟ್ ಮೈದಾನದ ಅಂಚಿನಲ್ಲಿ ಮಕ್ಕಳಿಗೆ ಖೋ ಖೋ. ಸಾಲಾಗಿ ಕುಳಿತವರಲ್ಲಿ ಒಬ್ಬರ ಬೆನ್ನು ಮುಟ್ಟಿ, 'ಖೋ' ಎಂದು ಕೂಗಿ ಎಬ್ಬಿಸಬೇಕು. ಇಲ್ಲಿ ಹುಟ್ಟಿದ ಮಕ್ಕಳು ನಾಚಿಕೊಂಡು ಸುಮ್ಮನೆ ಬೆನ್ನು ಮುಟ್ಟುತ್ತಿದ್ದವು. ಅಕ್ಕ ಸೀಟಿ ಊದುತ್ತಿದ್ದಳು. "ಫೌಲ್! ಬರೇ ಮುಟ್ಟಿದ್ರ ನಡಿಯೂದಿಲ್ಲ. ಬಾಯಿ ಬಿಟ್ಟು ಹೇಳಬೇಕು. ಆಕಿಗೆ ಬೆನ್ನಾಗ ಕಣ್ಣು ಅದಾವೇನು?" ಅವಳ ಮಗಳು ಈಶಾ ತಲೆ ತಗ್ಗಿಸಿ, "ಅಮ್ಮಾ, ಯು ಆರ್ ಸೋ ಲೌಡ್" ಎನ್ನುತ್ತಿದ್ದಳು.

ಓಡುವ ಗುಂಪಿಗೆ ಹೊರಗಿನವರೂ ಸೇರಿಕೊಂಡರು. ಅವರಲ್ಲಿ ಡೆನೀಸ್ ಎಂಬ ಕಪ್ಪು ಜನಾಂಗದ ಹೆಂಗಸು ಅಕ್ಕನಿಗೆ ತುಂಬ ಹತ್ತಿರವಾದಳು. ಶಾಲೆಯ ಬಸ್ ಓಡಿಸುತ್ತಾಳೆ. ಅಕ್ಕನನ್ನು 'ಕೋಚ್' ಎಂದು ಕರೆಯುತ್ತಿದ್ದಳು. ಅವಳ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಅಕ್ಕ ಹೇಳುತ್ತಿದ್ದಳು. ಡೆನೀಸಳ ಮಗ ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡುತ್ತಿದ್ದನಂತೆ. ತಲೆ ಸುತ್ತುತ್ತದೆ ಎಂದಾಗ ಇಸಿಜಿ ತೆಗೆದರು. ಗೆರೆ ಸರಿ ಇರಲಿಲ್ಲ. ಕಪ್ಪು ಹುಡುಗರ ಗೆರೆ ಹಾಗೆಯೇ ಇರುತ್ತದೆ, ಆಡುವವರದಂತೂ ಇನ್ನೂ ಹಾಗೆ, ಚಿಂತೆ ಬೇಡ ಎಂದು ಸಹಿ ಹಾಕಿ ಕಳಿಸಿದರು. ಹತ್ತೊಂಬತ್ತನೆಯ ವಯಸ್ಸಿಗೆ ಮೈದಾನದಲ್ಲೇ ಹೋದ. ಆ ಇಸಿಜಿ ಕಾಗದ ಅವಳ ಪರ್ಸಿನಲ್ಲಿದೆ, ನಾಲ್ಕು ಮಡಿಕೆ. ನಾನು ನೋಡಿದ್ದೇನೆ. ಮಡಿಕೆ ಬಿದ್ದ ಕಡೆ ಗೆರೆ ಅಳಿಸಿಹೋಗಿದೆ.

2022ರ ಬೇಸಿಗೆಯಲ್ಲಿ ಅಕ್ಕನಿಗೂ ದಿಬ್ಬ ಹತ್ತುವಾಗ ಎದೆ ಬಿಗಿಯತೊಡಗಿತು. ಮೊದಲು ಯಾರಿಗೂ ಹೇಳಲಿಲ್ಲ. ಒಂದು ದಿನ ನಾನು ಕೆಲಸ ಮಾಡುವ ಅಂಗಡಿಯಲ್ಲೇ, ರೊಟ್ಟಿಯ ಕಟ್ಟು ಎತ್ತಿಕೊಂಡವಳು ಅದನ್ನು ಕೆಳಗಿಟ್ಟು ಗೋಡೆ ಹಿಡಿದು ನಿಂತಳು. "ಏನಿಲ್ಲೋ, ಕಣ್ಣಿಗೆ ಕತ್ತಲಿ ಬಂತು" ಎಂದಳು. ನನ್ನ ಕೈಯಲ್ಲಿದ್ದ ಹಿಟ್ಟು ಹಾಗೆಯೇ ಉಳಿಯಿತು. ಅಪ್ಪನೂ ಸಾಯುವ ಮುಂಚಿನ ತಿಂಗಳು ಗರಡಿಯ ಗೋಡೆಯನ್ನು ಹಾಗೆಯೇ ಹಿಡಿಯುತ್ತಿದ್ದ.

ಭಾವ ಕೆಲಸದ ಮೇಲೆ ವಾರಗಟ್ಟಲೆ ದೂರದ ರೆಸ್ಟನ್‌ನಲ್ಲಿದ್ದರು. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಮಾಸ್ಕ್ ಹಾಕಿಕೊಂಡು ಒಬ್ಬರು ಜೊತೆಗೆ ಒಳಗೆ ಬರಬಹುದು ಎಂದರು. ನರ್ಸು ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದಳು. ಡಾಕ್ಟರು ಬಿಳಿಯ, ನಗುಮುಖದವನು, ಕೆಟ್ಟವನಂತೆ ಕಾಣಲಿಲ್ಲ. ಕಾಗದ ನೋಡಿ, ಗೆರೆ ಸ್ವಲ್ಪ ಬೇರೆ ಇದೆ, ಓಡುವವರಿಗೆ ಹೀಗಿರುತ್ತದೆ ಎಂದ. ವಯಸ್ಸು ಕೇಳಿದ. ನಲವತ್ತಾರು. ಮುಟ್ಟು ನಿಲ್ಲುವ ಕಾಲ, ಗಾಬರಿ ಸಹಜ ಎಂದ. ಊಟ ಏನೆಂದು ಕೇಳಿ, ನಿಮ್ಮ ಜನರ ಊಟದಲ್ಲಿ ಖಾರ ಹೆಚ್ಚು, ಅದು ಹುಳಿ ತೇಗು ಅಷ್ಟೇ ಎಂದ. ಕೊನೆಗೆ ಕಂಪ್ಯೂಟರ್ ಕಡೆ ತಿರುಗಿಕೊಂಡೇ ಕೇಳಿದ: ಮನೆಯಲ್ಲಿ ಯಾರಾದರೂ ಐವತ್ತರೊಳಗೆ, ಹಠಾತ್ತಾಗಿ ತೀರಿಕೊಂಡದ್ದು ಇದೆಯೇ?

ಅಕ್ಕ ಇಲ್ಲ ಎಂದಳು. ಆಮೇಲೆ ನೆನಪಾದವಳಂತೆ, ಅಪ್ಪ ನಲವತ್ಮೂರಕ್ಕೆ ಹೋದರು, ಆದರೆ ಅದು ಸೈಕಲ್ ಅಪಘಾತ ಎಂದಳು. ನನ್ನ ಕಡೆ ತಿರುಗಿ ಕೇಳಿದಳು. ನಾನು ತಲೆಯಾಡಿಸಿದೆ. ಡಾಕ್ಟರು ಒಂದು ಗುಂಡಿ ಒತ್ತಿದ.

ಹೊರಗೆ ಬಂದು ಕಾರಿನಲ್ಲಿ ಕುಳಿತಾಗ ಅಕ್ಕ ರೂಢಿಯಂತೆ ನನ್ನ ಮುಂಗೈ ಹಿಡಿದಳು. ಎಣಿಸಿದಳು. ಮುಖ ಎತ್ತಿ ನೋಡಿದಳು.

"ಯಾಕೋ, ಕುದುರಿ ಹಂಗ ಓಡಾಕತ್ತೈತಿ? ಡಾಕ್ಟರ್ ನೋಡಿದ್ದು ನನ್ನ, ನಿನ್ನಲ್ಲ."

"ಟ್ರಾಫಿಕ್ ನೋಡಿ ಅಂಜಿಕಿ ಬಂತವಾ" ಎಂದೆ. ಪಾರ್ಕಿಂಗ್‌ನಲ್ಲಿ ನಮ್ಮದು ಬಿಟ್ಟರೆ ಎರಡೇ ಕಾರಿದ್ದವು. ಅವಳು ನಕ್ಕಳು, ಕೈ ಬಿಟ್ಟಳು.

ಯಾಕೆ ಹೇಳಲಿಲ್ಲ ಎಂದು ಬರೆಯಲೇಬೇಕು. ಅಪ್ಪ ಸತ್ತಾಗ ನನಗೆ ಹದಿನಾಲ್ಕು. ಅಕ್ಕ ಹಾಸ್ಟೆಲಿನಲ್ಲಿದ್ದಳು. ಅದೇ ವಾರ ಅವಳನ್ನು ನೋಡಿ ಒಪ್ಪಿದವರು ನಿಶ್ಚಯಕ್ಕೆ ಬರುವವರಿದ್ದರು. ಅದಕ್ಕೂ ಮೊದಲು ನಮ್ಮ ಅಜ್ಜ ಹೊಲದಲ್ಲಿ ರಂಟೆ ಹೊಡೆಯುತ್ತಲೇ ಬಿದ್ದು ಸತ್ತಿದ್ದ. ಗಾಳಿ ಬಡಿಯಿತು ಎಂದಿದ್ದರು. ಈಗ ಮಗನೂ ಹಾಗೆಯೇ ಎಂದರೆ, ಆ ಮನೆಯ ರಕ್ತವೇ ಸರಿಯಿಲ್ಲ ಎಂದು ಬೀಗರು ಎದ್ದು ಹೋಗುತ್ತಾರೆ. ಗರಡಿಯಲ್ಲಿ ಇದ್ದದ್ದು ನಾನು ಮತ್ತು ಕುಸ್ತಿ ಕಲಿಸುವ ಮುದಿ ವಸ್ತಾದ, ಇಬ್ಬರೇ. ಅವ್ವ ವಸ್ತಾದನ ಕಾಲು ಹಿಡಿದಳು. ನನ್ನ ಕೈಯನ್ನು ಅಪ್ಪನ ಎದೆಯ ಮೇಲಿಟ್ಟು ಆಣೆ ಮಾಡಿಸಿದಳು. "ಸೈಕಲ್ ಮ್ಯಾಲಿಂದ ಬಿದ್ದ ಅಂತ ಹೇಳು. ಅಕ್ಕಗೂ ಅಷ್ಟ ಹೇಳು. ಆಕಿ ಬಾಯಾಗ ಸುಳ್ಳು ನಿಂದ್ರೂದಿಲ್ಲ." ಅಕ್ಕ ಸಂಜೆಯ ಬಸ್ಸಿಗೆ ಬಂದಳು. ಮಣ್ಣು ಮಾಡುವ ಮುಂಚೆ ಮುಖ ನೋಡಿದಳು. "ಎಲ್ಲಿ ಪೆಟ್ಟಾಗಿತ್ತೋ?" ಎಂದು ನನ್ನನ್ನು ಕೇಳಿದಳು. ತಲೆಯ ಹಿಂದೆ ಎಂದೆ. ಮದುವೆ ಆಯಿತು. ಭಾವನ ಜೊತೆ ಈ ಊರಿಗೆ ಬಂದಳು. ನಾನು ಶಾಲೆ ಬಿಟ್ಟು ಖಾನಾವಳಿ ಸೇರಿದೆ.

ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆಣೆ ಯಾರಿಗಾಗಿ ಉಳಿದಿತ್ತು? ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಆಣೆ ನನಗೆ ನೆನಪಾಗಲೇ ಇಲ್ಲ. ನೆನಪಾದದ್ದು ಭಾವನ ಮುಖ. ಅವರ ಮನೆಯ ಕೆಳಗಿನ ಕೋಣೆಯಲ್ಲಿ ನಾನಿದ್ದೆ. ಇಪ್ಪತ್ತೇಳು ವರ್ಷದ ಮೇಲೆ, ನಿಮಗೆ ಸುಳ್ಳು ಹೇಳಿ ಹೆಣ್ಣು ಕೊಟ್ಟೆವು ಎನ್ನುವುದು ಹೇಗೆ? ಜೊತೆಗೆ ಇನ್ನೊಂದು ಮಾತೂ ತಲೆಯಲ್ಲಿತ್ತು. ಓದಿದ ಡಾಕ್ಟರೇ ಏನೂ ಇಲ್ಲ ಎನ್ನುತ್ತಿದ್ದಾನಲ್ಲ. ಅದೇನಿದ್ದರೂ ನಮ್ಮ ಮನೆಯ ಗಂಡಸರಿಗೆ, ಹೆಣ್ಣುಮಕ್ಕಳಿಗಲ್ಲ. ಹೀಗೆ ನನಗೆ ಬೇಕಾದ್ದನ್ನು ನಾನೇ ನಂಬಿದೆ.

ಅಕ್ಕ ಹುಳಿ ತೇಗಿನ ಗುಳಿಗೆ ತಿಂದಳು. ಖಾರ ಬಿಟ್ಟಳು. ಹಿಂಡಿಯಿಲ್ಲದೆ ಬರೀ ರೊಟ್ಟಿ ತಿನ್ನುವಾಗ ಮುಖ ಕಿವುಚುತ್ತಿದ್ದಳು. ಎದೆಯ ಬಿಗಿ ಹೋಗಲಿಲ್ಲ. ಆಗಲೇ ಇನ್ನೊಂದು ಗೊತ್ತಾಯಿತು. ಗುಂಪಿನಲ್ಲಿ ಉದ್ದ ಕಾಲಿನ ಬಿಳಿಯ ವಕೀಲನೊಬ್ಬನಿದ್ದ. ಅವನಿಗೂ ಒಮ್ಮೆ ಓಡುವಾಗ ತಲೆ ಸುತ್ತಿ, ಅದೇ ಡಾಕ್ಟರ ಹತ್ತಿರ ಹೋಗಿದ್ದ. ಅವನ ಮನೆಯಲ್ಲೂ ಯಾರೂ ಎದೆ ಒಡೆದು ಸತ್ತವರಿಲ್ಲ. ಆದರೂ ಅದೇ ವಾರ ಅವನಿಗೆ ಹೃದಯದ ಸ್ಕ್ಯಾನ್ ಆಯಿತು, ಯಂತ್ರದ ಪಟ್ಟಿಯ ಮೇಲೆ ಓಡಿಸಿ ನೋಡಿದರು. ಏನೂ ಇರಲಿಲ್ಲ.

"ಅವಂದು ಬೆಳ್ಳಿ ಎದಿ, ನಂದು ಹಿತ್ತಾಳಿ. ತಿಕ್ಕಿದ್ರ ಸಾಕು" ಎಂದು ಅಕ್ಕ ನಕ್ಕಳು.

ಡೆನೀಸ್ ನಗಲಿಲ್ಲ. ದಾರಿ ಬದಿಯ ಬೆಂಚಿನ ಮೇಲೆ ಕುಳಿತು ನಿಧಾನವಾಗಿ, ನನಗೂ ತಿಳಿಯುವಂತೆ ಹೇಳಿದಳು. ನನ್ನ ಮಗನಿಗೆ, ನಿಮ್ಮ ಜನರಲ್ಲಿ ಇದು ಹೀಗೇ ಇರುತ್ತದೆ ಎಂದರು. ನಿನಗೆ, ನಿಮ್ಮ ಜನರಲ್ಲಿ ಇದು ಖಾರದಿಂದ ಎಂದರು. ಎರಡಕ್ಕೂ ಅರ್ಥ ಒಂದೇ, ಮನೆಗೆ ಹೋಗು. ನೀನು ಹೋಗಬೇಡ. ಮತ್ತೆ ಹೋಗಿ ಸ್ಕ್ಯಾನ್ ಬೇಕು ಎನ್ನು. ಕೊಡುವುದಿಲ್ಲ ಎಂದರೆ ಅದನ್ನೇ ಬರೆದುಕೊಡಿ ಎನ್ನು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಸತ್ತಿದ್ದರೆ ಅದನ್ನು ಮೊದಲು ಹೇಳಿ. ಅದೊಂದಕ್ಕೆ ಅವರು ಕಿವಿ ಕೊಡುತ್ತಾರೆ. ಯಾರಾದರೂ ಇದ್ದಾರೆಯೇ?

ಎರಡನೆಯ ಸಲ ನನಗೆ ಬಾಗಿಲು ತೆರೆದಿತ್ತು. ನಾನು ಶೂ ಲೇಸು ಕಟ್ಟಲು ಬಗ್ಗಿದೆ.

ಅಕ್ಕ ಇನ್ನೊಂದು ದಿನ ಗೊತ್ತು ಮಾಡಿಸಿದಳು. ಆರು ವಾರದ ನಂತರದ ದಿನ ಸಿಕ್ಕಿತು. ಅಟ್ಲಾಂಟಾದ ಓಟವೊಂದಕ್ಕೆ ಹೆಸರು ಕೊಟ್ಟಿದ್ದಳು, ಹನ್ನೊಂದು ಹೆಂಗಸರನ್ನು ಕರೆದೊಯ್ಯುವವಳಿದ್ದಳು. ಅಭ್ಯಾಸ ನಿಲ್ಲಿಸಲಿಲ್ಲ. ನಾಲ್ಕನೆಯ ವಾರದ ಶನಿವಾರ, ನಾನು ಅಂಗಡಿಯಲ್ಲಿ ಹಂಚಿನ ಮುಂದಿದ್ದಾಗ ಫೋನು ಬಂತು. ಮೈಸೂರಿನ ಕಡೆಯವರದು. "ಬೇಗ ಬನ್ನಿ, ನಿಮ್ಮಕ್ಕ ಬಿದ್ದೋದ್ರು, ಎದ್ದೇಳ್ತಿಲ್ಲ, ಡೆನೀಸ್ ಎದೆ ಒತ್ತುತಿದಾರೆ..." ಆ ದಿಬ್ಬದ ಮೇಲೆಯೇ. ಮಗ ಸತ್ತ ಮೇಲೆ ಎದೆ ಒತ್ತಿ ಬದುಕಿಸುವುದನ್ನು ಡೆನೀಸ್ ಕಲಿತಿದ್ದಳು. ಆಂಬುಲೆನ್ಸ್ ಬರುವವರೆಗೆ ಒತ್ತಿದಳಂತೆ. ನಾನು ಹೋದಾಗ ಅವಳು ಮಣ್ಣಿನಲ್ಲಿ ಮೊಣಕಾಲೂರಿ ಕುಳಿತೇ ಇದ್ದಳು, ಎರಡೂ ಅಂಗೈ ಮೇಲಕ್ಕೆ. ಅಕ್ಕನನ್ನು ಆಗಲೇ ಒಯ್ದಿದ್ದರು. ಸೀಟಿ ದಾರಿಯಲ್ಲಿ ಬಿದ್ದಿತ್ತು.

ಆಸ್ಪತ್ರೆಯಲ್ಲಿ ಅವಳ ಮುಂಗೈ ಹಿಡಿದೆ. ಎರಡು ಬೆರಳು ಒತ್ತಿದೆ. ಎಲ್ಲಿ ಒತ್ತಬೇಕೆಂದು ಅವಳೇ ಕಲಿಸಿದ್ದಳು.

ಹೃದಯಾಘಾತ ಎಂದು ಬರೆದುಕೊಟ್ಟರು. ಕೊಯ್ದು ನೋಡಿದ ವರದಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರು. ಭಾವ ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮ ಕಡೆನೂ ಯಾರಿಗೂ ಇಲ್ಲ, ಆಕಿ ಕಡೆನೂ ಯಾರಿಗೂ ಇಲ್ಲ. ಹೆಂಗಾತೋ ಏನೋ." ನಾನು ಅವರ ಹಿಂದೆ ನಿಂತು ಚಹಾ ಹಂಚುತ್ತಿದ್ದೆ. ಅದು ಮೂರನೆಯ ಸಲ.

ಈಶಾಗೆ ಆಗ ಹದಿನಾರು. ಶಾಲೆಯ ತಂಡದಲ್ಲಿ ಕಾಡುದಾರಿಯ ದೂರದ ಓಟ ಓಡುತ್ತಾಳೆ. ತಾಯಿಯ ಕಾಲು. ತಾಯಿ ಸತ್ತ ಎರಡು ತಿಂಗಳಿಗೆ, ಅಮ್ಮನಿಗೋಸ್ಕರ ಓಡುತ್ತೇನೆ ಎಂದು ಹಟ ಹಿಡಿದಳು. ಶಾಲೆಯವರಿಗೆ ಡಾಕ್ಟರ ಸಹಿ ಬೇಕಿತ್ತು. ಭಾವನಿಗೆ ಯಾವ ಆಸ್ಪತ್ರೆಯ ಬಾಗಿಲನ್ನೂ ನೋಡಲಾಗುತ್ತಿರಲಿಲ್ಲ. "ನೀನ ಕರಕೊಂಡು ಹೋಗಿ ಬಾರೋ" ಎಂದರು.

ಈ ಸಲದ ಡಾಕ್ಟರು ಬೇರೆ, ಚಿಕ್ಕ ವಯಸ್ಸಿನ ಹೆಂಗಸು. ಇಸಿಜಿ ನೋಡಿದಳು, ಓಡುವ ಹುಡುಗಿಯರದು ಹೀಗಿರುತ್ತದೆ ಎಂದಳು. ತಾಯಿಯ ವಿಷಯ ಓದಿ ಮರುಗಿದಳು. ನಿಮ್ಮ ಜನರಲ್ಲಿ ಹೃದಯಾಘಾತ ಬೇಗ ಬರುತ್ತದೆ, ಎಣ್ಣೆ, ತುಪ್ಪ ನೋಡಿಕೊಂಡು ತಿನ್ನು, ಹದಿನಾರಕ್ಕೆ ಹೆದರಬೇಕಾಗಿಲ್ಲ ಎಂದಳು. ಪೆನ್ನು ತೆಗೆದಳು. ಈಶಾ ಶೂ ತುದಿಯನ್ನು ನೆಲಕ್ಕೆ ಕುಟ್ಟುತ್ತಿದ್ದಳು, ಓಟಕ್ಕೆ ಮೊದಲು ಅಕ್ಕ ಕುಟ್ಟುತ್ತಿದ್ದ ಹಾಗೆಯೇ.

ನಾನು ಎದ್ದು ನಿಂತೆ. ನನ್ನ ಬಾಯಿಂದ ಬಂದ ಇಂಗ್ಲಿಷು ಇಷ್ಟೇ: "ನೋ ಸೈನ್, ಮೇಡಂ. ಮೈ ಫಾದರ್, ಫಾರ್ಟಿ ತ್ರೀ, ಲಿಫ್ಟಿಂಗ್ ಸ್ಟೋನ್, ಫಾಲ್ ಡೌನ್, ಡೆಡ್. ಹಿಸ್ ಫಾದರ್, ಸೇಮ್. ಮೈ ಸಿಸ್ಟರ್, ಸೇಮ್. ಐ ಸಾ ಮೈ ಫಾದರ್. ಐ ಡಿಡ್ ನಾಟ್ ಟೆಲ್."

ಪೆನ್ನು ನಿಂತಿತು. ಅವಳು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. ಅಷ್ಟು ದಿನಗಳಲ್ಲಿ ಒಬ್ಬ ಡಾಕ್ಟರು ನಮ್ಮ ಕಡೆ ಪೂರ್ತಿ ತಿರುಗಿದ್ದು ಅದೇ ಮೊದಲು. ಏನು ಮಾಡುತ್ತಿದ್ದಾಗ ಬಿದ್ದರು, ಮುಂಚೆ ತಲೆ ಸುತ್ತುತ್ತಿತ್ತೇ, ಎಷ್ಟು ವಯಸ್ಸು ಎಂದು ಒಂದೊಂದನ್ನೂ ಕೇಳಿ ಬರೆದುಕೊಂಡಳು. ಹೃದಯದ ಗೋಡೆ ದಪ್ಪವಾಗುವ ಒಂದು ರೋಗವಿದೆ, ರಕ್ತದಲ್ಲಿ ಇಳಿದು ಬರುತ್ತದೆ, ಗಂಡು ಹೆಣ್ಣು ಎನ್ನದೆ ಬರುತ್ತದೆ, ಜೋರಾಗಿ ಓಡುವವರನ್ನು ಓಡುವಾಗಲೇ ಹಿಡಿಯಬಹುದು ಎಂದು ಬಿಡಿಸಿ ಹೇಳಿದಳು. ಸ್ಕ್ಯಾನ್ ಆಗುವವರೆಗೆ ಒಂದು ಹೆಜ್ಜೆಯೂ ಓಡಕೂಡದು. ಸ್ಕ್ಯಾನ್ ಇಂದೇ. ನನ್ನದೂ ಆಗಬೇಕು ಎಂದಳು. ಇದು ಮೊದಲೇ ಗೊತ್ತಿದ್ದಿದ್ದರೆ ಅಕ್ಕನಿಗೂ ಹೀಗೆಯೇ ಮಾಡುತ್ತಿದ್ದರೇ ಎಂದು ನಾನು ಕೇಳಲಿಲ್ಲ. ಅವಳ ಮುಖದಲ್ಲೇ ಉತ್ತರವಿತ್ತು.

ಆ ಮೊದಲ ಡಾಕ್ಟರನನ್ನು ನಾನು ಕ್ಷಮಿಸಿಲ್ಲ. ಮನೆಯಲ್ಲಿ ಯಾರೂ ಹಾಗೆ ಸಾಯದ ವಕೀಲನಿಗೆ ಸಿಕ್ಕದ್ದು ಅಕ್ಕನಿಗೂ ಸಿಗಬೇಕಿತ್ತು. ಆದರೆ ಆ ಡಾಕ್ಟರು ಒಂದೇ ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳಿದ್ದ, ಅದರ ಉತ್ತರ ನನ್ನ ಹತ್ತಿರವಿತ್ತು.

ಸ್ಕ್ಯಾನ್ ಕೋಣೆಯ ಹೊರಗೆ ಉದ್ದ ಪಡಸಾಲೆ. ಈಶಾ ಆಸ್ಪತ್ರೆಯ ನೀಲಿ ಅಂಗಿ ತೊಟ್ಟು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಳು.

"ಮಾಮಾ, ಯು ನ್ಯೂ?"

"ಹೂಂ."

"ಅಮ್ಮಂಗೆ ಹೇಳಿಲ್ಲ? ನೆವರ್?"

"ಇಲ್ಲ."

"ಡಾಕ್ಟರ್ ಆಸ್ಕ್ ಮಾಡಿದಾಗ... ನೀವು ರೂಮಲ್ಲಿ ಇದ್ರಿ?"

"ಪಕ್ಕದಾಗ ಕುಂತಿದ್ದೆ. ಅಕ್ಕ ನನ್ನ ಕೇಳಿದ್ಲು. ನಾ ತಲಿ ಆಡಿಸಿದೆ."

ಅವಳು ಎದ್ದು ಎದುರಿನ ಗೋಡೆಯ ಹತ್ತಿರ ಹೋಗಿ, ನನಗೆ ಬೆನ್ನು ಮಾಡಿ ನಿಂತಳು. ಒಳಗಿನಿಂದ ನರ್ಸು ಅವಳ ಹೆಸರು ಕೂಗಿದಳು. ಅವಳು ಕದಲಲಿಲ್ಲ. ನಾನು ಹಿಂದಿನಿಂದ ಹೋಗಿ ಅವಳ ಬೆನ್ನು ಮುಟ್ಟಿದೆ. ಅಷ್ಟಕ್ಕೇ ಬಿಡಬಹುದಿತ್ತು, ನನ್ನ ಜನ್ಮವಿಡೀ ಅಷ್ಟಕ್ಕೇ ಬಿಟ್ಟಿದ್ದೆ. ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ:

"ತಪ್ಪಾತವ್ವಾ. ನಿಮ್ಮವ್ವನ ಮುಂದ ಹೇಳಬೇಕಾಗಿತ್ತು, ಹೇಳಲಿಲ್ಲ. ನಂದ ತಪ್ಪು. ಅಕ್ಕಾ, ನಂದ ತಪ್ಪು."